ಸತ್ತೋರ ಪಾಲಿನ ಮೆಳೆ

ನಮ್ಮ ಕಡೆ ಚಟ್ಟಕ್ಕೆ ಬಿದಿರು ಬೇಕು ಅಂದ್ರೆ ಯಾರೂ ಯಾರ್ನೂ ಕೇಳಂಗಿಲ್ಲ. ಯಾರ ಹೊಲದಾಗೆ ಬಿದಿರ ಮೆಳೆ ಐತೋ ಅಲ್ಲಿಗೆ ಹೋಗೋದು, ಎರಡು ನೆಟ್ಟನೆ ಗಳ ಕಡಿಯೋದು, ಹೊತ್ಕೊಂಡು ಬರೋದು. ಹೊಲದ ಯಜಮಾನ ಎದುರಿಗೇ ನಿಂತಿದ್ರೂ ಬಾಯಿ ಬಿಡಂಗಿಲ್ಲ. ಇನ್ನೊಂದು ಐತೆ. ಮನುಷ್ಯನ ಉಸಿರು ನಿಲ್ಲೋತನಕ ಆ ಬಿದಿರಿಗೆ ಮಚ್ಚು ಮುಟ್ಟಿಸಂಗಿಲ್ಲ, ಈ ಗಳ ಚಟ್ಟಕ್ಕೆ ಅಂತ ಬಾಯಾಗೆ ಆಡಂಗಿಲ್ಲ. ಇದನ್ನ ನಮಗೆ ಯಾರೂ ಕೂಡಿಸ್ಕೊಂಡು ಕಲಿಸಿದ್ದಲ್ಲ, ಬುದ್ಧಿ ಬಂದಾಗಿಂದ ಗೊತ್ತು. ಭವ್ಯಾ ಮಿಸ್ಸಿಗೆ ಗೊತ್ತಿರಲಿಲ್ಲ. ಆಕೆ ಮಾಡಿದ ತಪ್ಪು ಅಂದ್ರೆ ಅಷ್ಟೇ ರೀ. ಅಷ್ಟಕ್ಕೇ ನಮ್ಮ ಜನ ಒಂದು ಶಾಲೇನೇ ಮುಚ್ಚಿಸಿದ್ರು, ಅವರ ಬಾಯಿಗೆ ಮಣ್ಣು ಹಾಕ!

ನಾನು ನಾಗಕ್ಕ. ಆ ಶಾಲೆಯಾಗೆ ಬಿಸಿಯೂಟ ಮಾಡ್ತಿದ್ದೆ. ಹರಿಹರದಿಂದ ಸ್ವಲ್ಪ ಆಚೆ, ಹೈವೇಗೂ ಹೊಳೆಗೂ ನಡುವೆ ನಮ್ಮ ಹಟ್ಟಿ. ಒಂದು ಮಳೆಗಾಲದಾಗೆ ಹೊಳೆ ಉಕ್ಕಿ ಬಂದು ಶಾಲೆ ಗೋಡೆ ಕುಸೀತು. ಆಗಿಂದ ಮಕ್ಕಳು ಸಮುದಾಯ ಭವನದಾಗೆ ಕೂರ್ತಿದ್ವು. ಯಾರದಾದ್ರೂ ನಿಶ್ಚಿತಾರ್ಥ ಬಂದ್ರೆ ಆವತ್ತು ಪಾಠ ಬಂದ್. ಇಲಾಖೆಯವರು ಬಂದು ನೋಡಿ, "ನಾಲ್ಕು ವರ್ಷದಾಗೆ ಸ್ವಂತ ಸೂರು ಮಾಡ್ಕೊಳ್ರಿ, ಇಲ್ಲಾಂದ್ರೆ ಹೈವೇ ಆಚೆ ಶಾಲೆಗೆ ಸೇರಿಸ್ತೀವಿ" ಅಂದ್ರು. ಆ ಹೈವೇ ನೀವು ನೋಡಬೇಕು. ಲಾರಿ, ಬಸ್ಸು, ಕಾರು, ಒಂದರ ಹಿಂದೆ ಒಂದು. ಕೆಳಗೆ ದಾಟೋಕೆ ದಾರಿ ಇಲ್ಲ, ಮೇಲೆ ಸೇತುವೆ ಇಲ್ಲ. ನನ್ನ ಮೊಮ್ಮಗಳು ಅಂಬಿಕಾ ಆಗಿನ್ನೂ ಸ್ಲೇಟಿನ ಮೇಲೆ ಅ ಆ ತಿದ್ತಿದ್ಲು. ಆ ಕೂಸು ಅದನ್ನ ದಾಟೋದು ಉಂಟೇನ್ರಿ? ನಾನು ಓದಿಲ್ಲ, ನನ್ನ ಸೊಸೆ ಓದಿಲ್ಲ, ಇದೊಂದಾದ್ರೂ ಓದ್ಲಿ ಅಂತ ನನಗೆ ಆಸೆ. ಶಾಲೆ ಇಲ್ಲೇ ಉಳೀಬೇಕಿತ್ತು, ಬೇರೆ ದಾರಿನೇ ಇರಲಿಲ್ಲ.

ಭವ್ಯಾ ಮಿಸ್ ದಾವಣಗೆರೆ ಸರಸ್ವತಿ ನಗರದಿಂದ ದಿನಾ ಸ್ಕೂಟಿ ಮೇಲೆ ಬರ್ತಿದ್ಲು. ವಯಸ್ಸು ಚಿಕ್ಕದು, ತಲೆ ತುಂಬಾ ಹುಚ್ಚು. ಒಳ್ಳೇ ಹುಚ್ಚು ಬಿಡ್ರಿ. "ನಾಗಕ್ಕ, ಸಿಮೆಂಟಿಗೆ ಕಾಯ್ತಾ ಕೂತರೆ ಈ ಮಕ್ಕಳಿಗೆ ಮದುವೆ ವಯಸ್ಸು ಬರುತ್ತೆ. ಮಣ್ಣಿನ ಗೋಡೆ, ಬಿದಿರಿನ ಮಾಡು. ಬಿದಿರು ನಾವೇ ಬೆಳೆಯೋಣ" ಅಂದ್ಲು. ಅದನ್ನ ಎಲ್ಲೋ ಹೋಗಿ ಕಲಿತು ಬಂದಿದ್ಲು. ಸಸಿ ತರಿಸಿ ಹೊಳೆದಂಡೆಗೆ ಮಕ್ಕಳ ಕೈಯಿಂದಲೇ ನೆಡಿಸಿದ್ಲು. ಬೇರು ಹಿಡಿದ್ರೆ ದಂಡೆ ಮಣ್ಣೂ ಕೊಚ್ಚಿ ಹೋಗಲ್ಲ ಅಂತ ಲೆಕ್ಕ. ಬೇಸಿಗೆಯಾಗೆ ನಾನು ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಎಲ್ಲಾ ಅದಕ್ಕೇ ಸುರೀತಿದ್ದೆ. ಬಿದಿರು ಎದ್ದಂಗೆ ಪಾಠನೂ ಅದರ ಬುಡಕ್ಕೇ ಹೋಯ್ತು. ಗೆಣ್ಣು ಎಣಿಸ್ತಾ ಮಗ್ಗಿ, ಗಳಕ್ಕೆ ದಾರ ಸುತ್ತಿ ಸುತ್ತಳತೆ. ನಮ್ಮ ಅಂಬಿಕಾ ಮನೇಗೆ ಬಂದು ನನ್ನ ಸೊಂಟಕ್ಕೂ ದಾರ ಸುತ್ತಿ ಅಳೆದು, "ಅಜ್ಜಿ, ನೀನು ಬಿದಿರಲ್ಲ, ಆಲದಮರ" ಅಂದಿದ್ಲು ರೀ, ಮಳ್ಳಿ!

ಇದೆಲ್ಲಾ ಗುರುಮೂರ್ತಿಗೆ ಸೇರ್ತಿರಲಿಲ್ಲ. ಅವನು ಶಾಲಾ ಸಮಿತಿ ಅಧ್ಯಕ್ಷ. ಶಾಮಿಯಾನದ ದಂಧೆ, ಅದರ ಜತೆಗೆ ಸಣ್ಣಪುಟ್ಟ ಕಾಂಟ್ರಾಕ್ಟು. ಸಿಮೆಂಟ್ ಕಟ್ಟಡ ಬಂದ್ರೆ ಕೆಲಸ ತನಗೇ ಅಂತ ಕನಸು ಕಾಣ್ತಿದ್ದ. ಮುಂದೆ ನಗ್ತಾ "ಮಾಡ್ರಿ ಮಿಸ್, ಮಾಡ್ರಿ" ಅನ್ನೋನು, ಹಿಂದೆ "ಹಕ್ಕಿ ಗೂಡು ಕಟ್ತಾಳಂತೆ" ಅಂತ ಕಿಸಿಯೋನು.

ಮೂರು ವರ್ಷ ಕಳೆದು, ಮಣ್ಣಿನ ಗೋಡೆ ಎದ್ದು, ಗಳ ಬಲಿಯೋ ಹೊತ್ತಿಗೆ ತೊಂದರೆ ಶುರು ಆಯ್ತು. ಸುತ್ತಮುತ್ತ ಯಾರೇ ಸತ್ರೂ ಶಾಲೆ ಮೆಳೆಗೇ ಬರೋರು. ಹತ್ರ ಐತೆ, ನೆಟ್ಟಗೈತೆ, ಯಾಕ ಬ್ಯಾಡ ಅಂತಾರೆ? ಮಿಸ್ಸು ಮಾಡಿಗೆ ಅಂತ ಗುರುತು ಹಾಕಿಟ್ಟ ಗಳಾನೇ ಕಡ್ಕೊಂಡು ಹೋಗೋರು. ಒಂದು ಸಲ ಆಕೆ ಅಡುಗೆ ಕೋಣೆಗೆ ಬಂದು ನನ್ನ ಮುಂದೆ ಕೂತು ಅತ್ತೇಬಿಟ್ಲು. "ಹಿಂಗೇ ಆದರೆ ಮಾಡು ಮುಗಿಯಲ್ಲ ನಾಗಕ್ಕ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗೋ ಹೊತ್ತಿಗೆ ಇಲಾಖೆಗೆ ಸೂರು ತೋರಿಸಲೇಬೇಕು."

"ಸತ್ತೋರಿಗೆ ಇಲ್ಲ ಅನ್ನಬ್ಯಾಡ್ರಿ ಮಿಸ್ಸೇ, ಊರು ಮೈಮೇಲೆ ಬರ್ತೈತೆ" ಅಂದೆ.

"ಇಲ್ಲ ಅನ್ನಲ್ಲ. ಅವರಿಗೂ ಒಂದು ದಾರಿ ಮಾಡ್ತೀನಿ" ಅಂದ್ಲು.

ಆ ಅಮಾವಾಸ್ಯೆಗೆ ನಾನು ಉಕ್ಕಡಗಾತ್ರಿಗೆ ಹೋಗಿದ್ದೆ, ಅಜ್ಜಯ್ಯನಿಗೆ ಹಣ್ಣುಕಾಯಿ ಮಾಡಿಸೋಕೆ. ತಿರುಗಿ ಬಂದು ನೋಡ್ತೀನಿ, ರಸ್ತೆ ಅಂಚಿನ ಒಂದು ಮೆಳೆಗೆ ಸುತ್ತ ಕಲ್ಲು ಇಟ್ಟು, ಸುಣ್ಣ ಬಳಿದು, ಮುಂದೆ ಒಂದು ಬೋರ್ಡು ನೆಟ್ಟಾರೆ. ನನಗೆ ಓದೋಕೆ ಬರಲ್ಲ. ಅಂಬಿಕಾ ಕುಣೀತಾ ಓದಿ ಹೇಳಿದ್ಲು, ಅಕ್ಷರಕ್ಕೆ ಬಣ್ಣ ತುಂಬಿದ್ದು ಅವಳೇ ಅಂತೆ. "ಈ ಮೆಳೆ ನಮ್ಮೂರಿನವರ ಅಂತಿಮ ಯಾತ್ರೆಗೆ. ಉಳಿದವು ನಮ್ಮ ಶಾಲೆಗೆ."

ಉಸಿರಾಡ್ಕೊಂಡು ಓಡಾಡೋ ಊರಿಗೆ ಊರನ್ನೇ ಚಟ್ಟ ಏರಿಸೋಕೆ ಬಿದಿರು ಬೆಳೆಸಿಟ್ಟಂಗಾಯ್ತಲ್ಲ ರೀ! ಗಂಟು ಕೆಳಗಿಡದೇ ಮಿಸ್ಸಿನ ಹತ್ರ ಓಡಿದೆ. ಆಕೆಗೆ ಅರ್ಥನೇ ಆಗಲಿಲ್ಲ. "ಗೌರವದಿಂದಲೇ ಕೊಟ್ಟಿದ್ದೀನಲ್ಲ ನಾಗಕ್ಕ? ಒಳ್ಳೇ ಮೆಳೆನೇ ಬಿಟ್ಟಿದ್ದೀನಿ. ಕಡಿದಷ್ಟೂ ಹೊಸದು ನೆಡ್ತೀವಿ, ಎಂದೂ ಕಮ್ಮಿ ಆಗಲ್ಲ."

"ಕಮ್ಮಿ ಆಗಲ್ಲ ಅನ್ನಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ!" ಅಂತ ಬಾಯಿ ಬಡ್ಕೊಂಡೆ. ಬಿಡಿಸಿ ಬಿಡಿಸಿ ಹೇಳಿದ ಮೇಲೆ ಆಕೆಗೆ ತಿಳೀತು. ಆ ಸಂಜೇನೇ ಬೋರ್ಡು ಕಿತ್ವಿ, ಕಲ್ಲು ತೆಗೆದ್ವಿ. ಆದ್ರೆ ಓದೋರು ಅಷ್ಟೊತ್ತಿಗೆ ಓದಿಯಾಗಿತ್ತು. ಗುರುಮೂರ್ತಿ ಅದನ್ನ ಮೊಬೈಲಿನಾಗೆ ಫೋಟೋ ಹಿಡಿದು ಚಾ ಅಂಗಡಿ ತುಂಬಾ ತೋರಿಸ್ಕೊಂಡು ಬಂದಿದ್ದ.

ಅದೇ ವಾರ ರೇವಂತ್ ಸತ್ತ. ಮಾರೆಮ್ಮನ ಒಬ್ಬನೇ ಮಗ. ಹರಿಹರದಾಗೆ ಮೊಬೈಲ್ ರಿಪೇರಿ ಮಾಡ್ಕೊಂಡಿದ್ದ, ಚಿನ್ನದಂಥ ಹುಡುಗ. ಬೈಕಿನ ಮೇಲೆ ಹೈವೇ ದಾಟುವಾಗ ಲಾರಿ ಹೊಡೀತು, ಆಸ್ಪತ್ರೆ ಮುಟ್ಟಲಿಲ್ಲ. ಊರು ಪೂರಾ ಕುಸಿದು ಕೂತ್ಬಿಡ್ತು. ಅವನ ಚಟ್ಟಕ್ಕೆ ಬಿದಿರು ಶಾಲೆ ಮೆಳೆಯಿಂದ ತರಲಿಲ್ಲ, ಹರಿಹರದ ಬೊಂಬಿನ ಅಂಗಡಿಯಿಂದ ತರಿಸಿದ್ರು. ಅದನ್ನ ನೋಡಿದಾಗಲೇ ನನಗೆ ಗೊತ್ತಾಯ್ತು, ಊರು ಆ ಮೆಳೆಗೆ ಹೆದರೈತೆ, ಕೆಲಸ ಕೆಟ್ಟಿತು ಅಂತ.

ಬರಬ್ಯಾಡ್ರಿ ಅಂತ ನಾನು ಫೋನಿನಾಗೆ ಹೇಳಿದ್ರೂ ಮಿಸ್ಸು ಬಂದ್ಲು. ರೇವಂತ್ ಆಕೆಗೆ ತಮ್ಮ ಇದ್ದಂಗೆ ಇದ್ದ, ಶಾಲೆ ಕಂಪ್ಯೂಟರ್ ಕೆಟ್ರೆ ಅವನೇ ಬರ್ತಿದ್ದ. ಅಂಗಳಕ್ಕೆ ಕಾಲಿಟ್ಲೋ ಇಲ್ವೋ, ಮಾರೆಮ್ಮ ಹೆಣ ಬಿಟ್ಟು ಎದ್ದು ಬಂದು ಆಕೆ ಎರಡೂ ತೋಳು ಹಿಡ್ಕೊಂಡ್ಲು.

"ಬರೆದಿಟ್ಟಿದ್ಯಲ್ಲವ್ವ ನಮಗೇ ಅಂತ? ಬಂತು ನೋಡು! ಬಂತು ನೋಡು, ನನ್ನ ಮಗನ ಪಾಳಿ!"

ಮಾರೆಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಮಗನ್ನ ಕಳ್ಕೊಂಡೋಳು ಏನು ಬೇಕಾದ್ರೂ ಅನ್ನಲಿ, ನಾನೂ ಹೆತ್ತೋಳು. ನನ್ನ ಹೊಟ್ಟೆ ಉರಿಯೋದು ಸುತ್ತ ನಿಂತಿದ್ದ ಗಂಡಸರ ಮೇಲೆ. ಒಬ್ಬನಾದ್ರೂ "ಹುಡುಗನ್ನ ಕೊಂದಿದ್ದು ಲಾರಿ" ಅಂದ್ನಾ? ಗುರುಮೂರ್ತಿ ಅಂತೂ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸ್ಕೊಂತಾ, "ಮುಂದಿನ ಪಾಳಿ ಯಾರದೋ" ಅಂತ ಎಲ್ರಿಗೂ ಕೇಳಂಗೆ ಅಂದ. ನಾನು ಅವನ ಮುಖಕ್ಕೇ ಥೂ ಅಂದೆ. ಸಾವಿನ ಮನೆ ಅಂತನೂ ನೋಡಲಿಲ್ಲ.

ಮರುದಿನ ಅನ್ನ ಸಾರು ಮಾಡಿಟ್ಕೊಂಡು ಕೂತೆ. ಒಂದು ಮಗುನೂ ಬರಲಿಲ್ಲ. ಅಂಬಿಕಾನ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಬಂದಿದ್ದೆ. ಮಿಸ್ಸು ಅವಳೊಬ್ಬಳನ್ನೇ ಕೂಡಿಸ್ಕೊಂಡು ಪಾಠ ಹೇಳಿದ್ಲು. ಮಧ್ಯಾಹ್ನಕ್ಕೆ ನನ್ನ ಮಗ ಮಹೇಂದ್ರ ಬಂದು ಮಗಳನ್ನ ತಟ್ಟೆ ಮುಂದಿನಿಂದ ಎಬ್ಬಿಸ್ದ.

"ಏನೋ, ನಿನಗೂ ತಲೆ ಕೆಟ್ಟೈತಾ? ಬಣ್ಣ ತುಂಬಿದ್ದು ನಿನ್ನ ಮಗಳೇ ಕಣೋ!" ಅಂದೆ.

"ಅದಕ್ಕೇ ಹೆದರಿಕೆ ಅವ್ವ" ಅಂದ. ಅವನ ಕಣ್ಣಾಗೆ ನೀರು ಇತ್ತು. ನಿಜವಾಗ್ಲೂ ಹೆದರಿದ್ದ, ಮೂರ್ಖ ನನ್ಮಗ. ಹೆದರಿದೋನಿಗೆ ಹೊಡಿಯೋಕೂ ಆಗಲ್ಲ.

ಆಮೇಲೆ ಸಭೆ ಮಾಡಿದ್ವಿ. ಮಿಸ್ಸು ಕೈ ಮುಗಿದು ಹೇಳಿದ್ಲು, "ನನ್ನದು ತಪ್ಪಾಯ್ತು. ನಾನು ಬೇಕಾದರೆ ಹೋಗ್ತೀನಿ, ಬೇರೆ ಟೀಚರ್ ಬರ್ತಾರೆ. ಮಾಡು ಅರ್ಧ ಆಗಿದೆ, ಮುಗಿಸ್ಕೊಳ್ಳಿ. ಶಾಲೆ ಬಿಡಬೇಡಿ." ಹಿಂದಿನಿಂದ ಒಬ್ಬಳು ತಾಯಿ ಎದ್ದು, "ಚಟ್ಟದ ಬಿದಿರಿನ ಕೆಳಗೆ ನಮ್ಮ ಮಕ್ಕಳನ್ನ ಹೆಂಗೆ ಕೂಡಿಸೋದ್ರಿ?" ಅಂದ್ಲು. ಅಲ್ಲಿಗೆ ಮುಗೀತು. ಬೇಸಿಗೆ ರಜೆ ಕಳೆಯೋದ್ರಾಗೆ ಶಾಲೇನ ಹೈವೇ ಆಚೆಗೆ ಸೇರಿಸಿದ್ರು, ಮಿಸ್ಸನ್ನೂ ಬೇರೆ ಕಡೆ ಹಾಕಿದ್ರು. ನನ್ನ ಸೌಟೂ ಕೆಳಗಿಳೀತು.

ಬಿದಿರು ಏನಾಯ್ತು ಅಂತೀರಾ? ಗುರುಮೂರ್ತಿ ಟ್ರ್ಯಾಕ್ಟರ್ ತಂದು ಬುಡಸಮೇತ ಕಡಿಸ್ಕೊಂಡು ಹೋದ. ಅರ್ಧ ಕಟ್ಟಿದ ಮಾಡನ್ನೂ ಬಿಚ್ಚಿಸ್ದ. ಈಗ ಅದೇ ಗಳ ಮದುವೆ ಚಪ್ಪರಕ್ಕೆ ನಿಲ್ತಾವೆ. ಅದರ ಕೆಳಗೆ ಇವರೇ ಕೂತು ಹೋಳಿಗೆ ಉಣ್ತಾರೆ. "ಈಗ ಅಪಶಕುನ ಆಗಲ್ವೇನ್ರೋ?" ಅಂತ ಒಂದು ಮದುವೆಯಾಗೆ ಎದ್ದು ನಿಂತು ಕೇಳಿದೆ. "ಶುಭಕಾರ್ಯದಾಗೆ ಬಾಯಿ ಮುಚ್ಕೊಂಡು ಕೂಡ್ರು ಮುದುಕಿ" ಅಂದ್ರು. ಉಣ್ಣದೇ ಎದ್ದು ಬಂದೆ.

ಹೊಸ ಶಾಲೆಗೆ ಅಂಬಿಕಾನ ನಾನೇ ದಾಟಿಸ್ತಿದ್ದೆ. ನನ್ನ ಕಾಲು ಮೊದಲಿನಂಗಿಲ್ಲ. ಒಂದಿನ ನಡುರಸ್ತೆಯಾಗೆ ಚಪ್ಪಲಿ ಕಿತ್ತು ನಿಂತೆ, ಬಸ್ಸು ಸೆರಗಿಗೆ ತಾಗೋ ಹಂಗೆ ಹೋಯ್ತು. ಅವಳು ಕಿರುಚಿದ್ದು ಮಹೇಂದ್ರನ ಕಿವಿಗೆ ಬಿತ್ತು. ಅವತ್ತೇ ಊರ ಗಂಡಸರೆಲ್ಲಾ ಕೂತು ಗಂಡುಹುಡುಗರಿಗೆ ಹಿದಾಯತ್‌ನ ಆಟೋ ಗೊತ್ತು ಮಾಡಿದ್ರು. ಆಟೋದಾಗೆ ಅವರಿಗಷ್ಟೇ ಜಾಗ ಇತ್ತು. ಹೆಣ್ಣುಮಕ್ಕಳನ್ನ ಹೈವೇಗೆ ಕಳಿಸೋದು ಬ್ಯಾಡ, ಜೀವ ಮುಖ್ಯ ಅಂತ ತೀರ್ಮಾನ ಆಯ್ತು. ಎಷ್ಟು ಕಾಳಜಿ ನೋಡ್ರಿ!

ಮೊನ್ನೆ ಭವ್ಯಾ ಮಿಸ್ ನನ್ನ ಮಾತಾಡಿಸೋಕೆ ಅಂತ ಬಂದಿದ್ಲು. ಅಂಬಿಕಾ ಹಿತ್ತಿಲಾಗೆ ಕೂತು ಪಾತ್ರೆ ತಿಕ್ತಿದ್ಲು. ಎದ್ದು ಬೂದಿ ಕೈಯನ್ನ ಲಂಗಕ್ಕೆ ಒರೆಸ್ಕೊಂಡು, ಶಾಲೆಯಾಗೆ ನಿಲ್ತಿದ್ದಂಗೆ ನೆಟ್ಟಗೆ ನಿಂತ್ಲು.

"ಈಗ ಎಷ್ಟನೇ ಕ್ಲಾಸು ಪುಟ್ಟಿ?" ಅಂತ ಮಿಸ್ಸು ಕೇಳಿದ್ಲು.

"ಮುಗೀತು ಮಿಸ್" ಅಂದ್ಲು ನನ್ನ ಮೊಮ್ಮಗಳು.