ಕಲ್ಲಿನ ಬುಡದ ಹೆಸರು

"ಏನಲೇ ಉಚ್ಚಂಗ, ಈ ಬಾನಿ ನಿನ್ನ ಮಗ ಫೌಜಿನಿಂದ ಬರೋ ಹೊತ್ತಿಗಾದ್ರೂ ಮುಗೀತೈತೇನಲೇ, ಸೋಮಾರಿ ಸೂಳೇಮಗನೆ!"

ವೀರಬಸಪ್ಪಗೌಡರು ಕಲ್ಲುಗಣಿಯ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದರು. ಕೆಳಗೆ ಉಚ್ಚಂಗಪ್ಪ, ಗೌಡರ ಎತ್ತುಗಳು ನೀರು ಕುಡಿಯುವ ಕಲ್ಲುಬಾನಿಯ ಅಂಚು ಸವರುತ್ತಿದ್ದ. ಸುತ್ತಿಗೆ ನಿಲ್ಲಿಸದೆಯೇ ಹೇಳಿದ.

"ಆತ್ರಿ ಗೌಡ್ರೆ. ಇದೇ ಕಡೇ ಏಟು."

ಗೌಡರು ಇಳಿದು ಬಂದರು. ಬಾನಿಯೊಳಗೆ ಕೈಯಾಡಿಸಿ ನುಣುಪು ನೋಡಿದರು. ಮನಸ್ಸಿಗೆ ಬಂದ ಮೇಲೆ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಕಲ್ಲುಚೂರುಗಳ ಮೇಲೆ ಎಸೆದರು.

"ತಂತಿ ಬಂದೈತಿ. ನಿನ್ನ ಮಗ ಗುತ್ಯ ಗಡಿಯಾಗೆ ಸತ್ತನಂತೆ. ಚೀನಾದೋರು ಹೊಡೆದು ಹಾಕ್ಯಾರೆ."

ಉಚ್ಚಂಗಪ್ಪ ಕಾಗದ ಎತ್ತಿಕೊಂಡ. ಅವನಿಗೆ ಓದು ಬಾರದು. ಆದರೂ ತಿರುಗಿಸಿ ತಿರುಗಿಸಿ ನೋಡಿದ. ಮೂಲೆಯಲ್ಲಿ ಎಲೆಯಡಿಕೆಯ ಕಲೆ ಒಣಗಿತ್ತು.

"ಯಾವಾಗ ಬಂತ್ರಿ?"

"ಸೋಮವಾರ."

ಅಂದು ಗುರುವಾರ.

"ಅವತ್ತೇ ಹೇಳಿದ್ರೆ ಸೂತಕ ಅಂತ ಉಳಿ ಕೆಳಗಿಡ್ತಿದ್ದೆ ನೀನು. ನನ್ನ ಎತ್ತು ನಿನ್ನ ಉಚ್ಚೆ ಕುಡೀಬೇಕಿತ್ತೇನು?" ಎಂದು ಗೌಡರು ಕೊಡೆ ಬಿಡಿಸಿಕೊಂಡು ಹೋದರು.

ಗುಡಿಸಲಿನಲ್ಲಿ ಹುಲಿಗೆಮ್ಮ ಮೊದಲು ಅಳಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಬೆರಳು ಮಡಚಿ ದಿನ ಎಣಿಸಿದಳು. ಆಮೇಲೆ ಒಲೆಯ ಮೇಲಿದ್ದ ಸಾರಿನ ಗಡಿಗೆಯನ್ನು ಎತ್ತಿ ಅಂಗಳಕ್ಕೆ ಎಸೆದು ಒಡೆದಳು.

"ಒಣಮೀನು ಸಾರು ಮಾಡಿ ಬಾಯಿ ಚಪ್ಪರಿಸ್ಕೊಂಡು ಉಂಡೆನಲ್ಲೋ! ಸೋಮವಾರದಿಂದ ಉಂಡೆನಲ್ಲೋ! ನನ್ನ ಕೂಸು ಅಲ್ಲಿ ಬಿದ್ದಿರೋವಾಗ ನನ್ನ ಬಾಯಿಗೆ ಹುಳ ಬೀಳಬಾರದಿತ್ತಾ!"

ಹೆಣ ಬರಲಿಲ್ಲ. ಆ ಹಿಮದಿಂದ ಯಾರ ಹೆಣವೂ ಬರುವುದಿಲ್ಲವೆಂದು ಊರ ಶಾಲೆಯ ಗೋಪಾಲಪ್ಪ ಮೇಷ್ಟ್ರು ತಿಳಿಸಿ ಹೇಳಿದರು. ಸೊರಬದಲ್ಲಿ ರೇಡಿಯೋ ಕೇಳಿ ಬಂದವರು, ನಮ್ಮ ದಂಡು ಸೋತು ಹಿಂದಕ್ಕೆ ಬಂತಂತೆ ಎಂದರು. ಅಂದಿನಿಂದ ಉಚ್ಚಂಗಪ್ಪ ಶಿರಾಳಕೊಪ್ಪದ ಸಂತೆಗೆ ಹೋದರೂ ಯಾರಾದರೊಬ್ಬರು ಕೆಣಕುವರು.

"ಬಾರೋ ಸೋತೋನಪ್ಪ! ನಿನ್ನ ಮಗಂಗೆ ಗುಂಡು ಎದಿಗೆ ಬಿತ್ತೋ, ಓಡೋವಾಗ ತಿಕಕ್ಕೆ ಬಿತ್ತೋ?"

ಅವನು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಗಣಿಗೆ ಹೋಗುವನು. ಫೌಜಿಗೆ ಹೋಗುವ ಹಿಂದಿನ ದಿನ ಮಗ ಅಲ್ಲಿಯ ದೊಡ್ಡ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿದ್ದ. ಆ ಮೂರು ಅಕ್ಷರಗಳ ಗೀರಿನಲ್ಲಿ ಉಚ್ಚಂಗಪ್ಪ ಬೆರಳು ಆಡಿಸುವನು. ಅವನಿಗೆ ಗೊತ್ತಿದ್ದ ಅಕ್ಷರ ಅವಷ್ಟೇ. ಸಂಕ್ರಾಂತಿಯ ಹೊತ್ತಿಗೆ ಗೌಡರ ಹೊಸ ಹಟ್ಟಿಯ ತಳಪಾಯಕ್ಕೆಂದು ಆ ಬಂಡೆಗೂ ಮದ್ದಿಟ್ಟು ಸಿಡಿಸಿದರು.

"ಹೆಣ ಇಲ್ಲ, ಗೋರಿ ಇಲ್ಲ. ಇದ್ದ ಬಂಡೆನೂ ಹೋತು," ಎಂದಳು ಹುಲಿಗೆಮ್ಮ. "ನಾನು ಎಡೆ ಎಲ್ಲಿ ಇಡ್ಲಿ? ಎಲ್ಲಿ ಕುಂತು ಅವನ್ನ ಕರೀಲಿ?"

ಅಂಥ ಹೊತ್ತಿನಲ್ಲಿ ಗೌಡರಿಂದಲೇ ಕರೆ ಬಂತು. ಮಡಿದ ಯೋಧನ ಹೆಸರಿನಲ್ಲಿ ಊರಿನಲ್ಲೊಂದು ಕಲ್ಲು ನಿಲ್ಲಿಸಬೇಕೆಂದು ತಾಲ್ಲೂಕಿನ ಅಮಲ್ದಾರರು ಬರೆದಿದ್ದರು. ಬಸವಣ್ಣನ ಗುಡಿಯ ಮುಂದೆಯೇ ಆಗಲಿ ಎಂದು ಗೌಡರು ಒಪ್ಪಿದ್ದರು. ಊರಿನಿಂದ ಹೋಗಿ ಮಡಿದವನು ಗುತ್ಯಪ್ಪ ಒಬ್ಬನೇ.

ಉಚ್ಚಂಗಪ್ಪ ಆಳುದ್ದದ ಕಲ್ಲು ಆರಿಸಿದ. ಹದಿನೈದು ದಿನ ನಯಗೊಳಿಸಿದ. ಮೇಷ್ಟ್ರು ಕೆಮ್ಮಣ್ಣಿನಲ್ಲಿ ಬರೆದುಕೊಟ್ಟ ಗೆರೆಯ ಮೇಲೆ ಉಳಿ ನಡೆಸಿದ. ಮೇಲೆ ದಪ್ಪ ದಪ್ಪ ಅಕ್ಷರದ ಐದು ಸಾಲು. ಆಮೇಲೆ ಮೊಳದಷ್ಟು ಬರಿದು. ತೀರ ಕೆಳಗೆ, ಹೂಳುವ ಬುಡಕ್ಕೆ ತುಸು ಮೇಲೆ, ಸಣ್ಣದಾಗಿ ಮೂರು ಅಕ್ಷರ. ಅವನ್ನು ಕಂಡ ಕೂಡಲೇ ಅವನಿಗೆ ಗುರುತು ಸಿಕ್ಕಿತು.

"ಮೇಷ್ಟ್ರೆ, ನನ್ನ ಮಗ ಅಷ್ಟು ಕೆಳಗ್ಯಾಕ್ರಿ? ಮ್ಯಾಲಿಂದೆಲ್ಲ ಯಾರು?"

ಮೇಷ್ಟ್ರು ತಲೆಯೆತ್ತದೆ ಕೆಮ್ಮಣ್ಣಿನ ಕೈ ಒರೆಸಿಕೊಂಡರು. "ಗೌಡ್ರು, ಅವರ ತಂದೆ, ಅಮಲ್ದಾರ್ರು... ನನ್ನ ಕೇಳಬ್ಯಾಡ ಮಾರಾಯ. ನಾನೂ ಗೌಡ್ರ ಮನೇಲಿ ಇರೋನು."

ಪಕ್ಕದಲ್ಲಿದ್ದ ಗೌಡರು ನಕ್ಕರು. "ಬಂದಳಿಕೆ ಗುಡಿಯಾಗೆ ವೀರಗಲ್ಲು ಕಂಡಿಲ್ಲೇನಲೇ? ಸತ್ತೋನು ಯಾವಾಗ್ಲೂ ಕೆಳಗೇ ಇರ್ತಾನೆ. ಮ್ಯಾಲಿನ ಜಾಗ ದೇವರದು."

ಕಂಡಿದ್ದ. ಬಾಲ್ಯದಲ್ಲಿ ಅಪ್ಪನೊಡನೆ ಹೋಗಿ ಆ ಹಳೆಯ ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿದ್ದ. ಕೆಳಗೆ ಕಾದಾಡಿ ಬಿದ್ದವನೇ ನಡುವಿನ ಸಾಲಿನಲ್ಲಿ ದೇವಕನ್ನೆಯರ ತೋಳಿನ ಮೇಲೆ ಏರುತ್ತಿದ್ದ. ಮೇಲಿನ ಸಾಲಿನಲ್ಲಿ ಲಿಂಗದ ಪಕ್ಕ ಅವನೇ ಕುಳಿತಿರುತ್ತಿದ್ದ. ಉಚ್ಚಂಗಪ್ಪ ಮತ್ತೆ ಉಳಿ ಎತ್ತಿಕೊಂಡ.

ನೆಡುವ ದಿನ ಗೌಡರು ಗುಂಡಿಯನ್ನು ತೊಡೆಯುದ್ದ ತೋಡಿಸಿದರು.

"ಈ ಕಲ್ಲಿಗೆ ಮೊಣಕಾಲುದ್ದ ಸಾಕ್ರಿ ಗೌಡ್ರೆ. ಇಷ್ಟು ಇಳಿಸಿದ್ರೆ ಹೆಸರು..."

"ನೆಡಲೇ, ಮುಚ್ಕೊಂಡು! ಹೆಸರು ಕೆತ್ತಿಸಿ ಅಂದ್ರು, ಕೆತ್ತಿಸಿದ್ದಾತು. ಬಸವಣ್ಣನ ಎದುರಿಗೆ ವಡ್ಡನ ಹೆಸರಿಗೆ ಊರೆಲ್ಲ ಹೂವು ಹಾಕಿ ಕೈ ಮುಗೀಬೇಕೇನು?"

ಕಲ್ಲು ಇಳಿಯಿತು. ಗುಂಡಿಯ ಸುತ್ತ ಊರಿನವರು ನಿಂತಿದ್ದರು. ಉಚ್ಚಂಗಪ್ಪ ಮಗನ ಹೆಸರಿನ ಮೇಲೆ ತನ್ನ ಕೈಯಿಂದಲೇ ಮಣ್ಣು ಎಳೆದ. ಯಾವ ಕಲ್ಲು ನೆಟ್ಟರೂ ಬುಡದ ಸುತ್ತ ಕಲ್ಲುಚೂರು ಜಡಿದು ಬಿಗಿಮಾಡುವುದು ಅವನ ಪದ್ಧತಿ. ಅಂದು ಒಂದು ಚೂರನ್ನೂ ಜಡಿಯಲಿಲ್ಲ. ಬರಿ ಮಣ್ಣು ತುಂಬಿ, ಕಾಲಿನಿಂದ ತುಳಿಯಲೂ ಆಗದೆ ಎದ್ದು ಹೋದ.

ಮರುದಿನ ಬೆಳಿಗ್ಗೆ ಅಮಲ್ದಾರರ ಜೀಪು ಬಂತು. ಶಾಲೆಯ ಮಕ್ಕಳು ಹಾಡಿದರು. ಅಮಲ್ದಾರರು ಕಲ್ಲಿಗೂ ಗೌಡರಿಗೂ ಹಾರ ಹಾಕಿ, ದೇಶದ ಋಣ, ತ್ಯಾಗ ಎಂದೆಲ್ಲ ಮಾತಾಡಿದರು. ಹುಲಿಗೆಮ್ಮ ಸೆರಗಿನಲ್ಲಿ ಎಡೆಯ ಗಂಟು ಹಿಡಿದು ದೂರದಲ್ಲಿ ನಿಂತಿದ್ದಳು.

"ನನ್ನ ಮಗನ ಹೆಸರು ಎಲ್ಲೈತಿ, ತೋರಿಸು," ಎಂದಳು ಗಂಡನಿಗೆ.

ಉಚ್ಚಂಗಪ್ಪ ಹಾರೆ ಹಿಡಿದು ಜನರ ನಡುವೆ ನಡೆದ. ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬುಡದ ಮಣ್ಣು ಕೆದರತೊಡಗಿದ. ಭಾಷಣ ನಿಂತಿತು.

"ಏಯ್! ಏನ್ ಮಾಡ್ತೀಯಲೇ ಬೋಳೀಮಗನೆ? ಕಲ್ಲು ಬೀಳ್ತೈತಿ!"

"ಬೀಳ್ಲಿ ಗೌಡ್ರೆ. ನೆಟ್ಟೋನು ನಾನೇ. ಎಷ್ಟು ಮಣ್ಣಿಗೆ ಬೀಳ್ತೈತಿ, ಎಷ್ಟಕ್ಕೆ ನಿಲ್ತೈತಿ, ನನಗೆ ಗೊತ್ತೈತಿ."

"ಏನಿದೆ ಅಲ್ಲಿ ಕೆಳಗೆ?" ಎಂದರು ಅಮಲ್ದಾರರು.

"ಸತ್ತೋನು ಅದಾನ್ರಿ ಸ್ವಾಮಿ."

ಮೂರು ಅಕ್ಷರವೂ ಬಿಸಿಲಿಗೆ ಬಂದವು. ಕಲ್ಲು ಅವನ ಕಡೆಗೇ ವಾಲಿತು. ಹಾರ ಜಾರಿ ಕೆಳಗೆ ಬಿತ್ತು. ಮುಂದೆ ಕುಳಿತವರು ಕುರ್ಚಿ ಉರುಳಿಸಿಕೊಂಡು ಹಿಂದೆ ಸರಿದರು. ಹಿಡಿಯಲು ಯಾರೂ ಬರಲಿಲ್ಲ. ಉಚ್ಚಂಗಪ್ಪ ಹಾರೆ ಬಿಸಾಡಿ, ಕಲ್ಲಿನ ಐದು ಸಾಲಿಗೂ ಬೆನ್ನು ಕೊಟ್ಟು, ಕಾಲು ಊರಿ ನಿಂತ. ಕುತ್ತಿಗೆಯ ನರ ಉಬ್ಬಿದವು.

"ಬಾರೇ," ಎಂದ. "ಲಗೂನ ಇಡು."

ಹುಲಿಗೆಮ್ಮ ಬಂದು ಅವನ ಕಾಲ ಬಳಿ ಕುಳಿತಳು. ಎಲೆಯ ಮೇಲೆ ಮುದ್ದೆ, ಬೆಲ್ಲ, ಒಂದು ಬೀಡಿ ಇಟ್ಟಳು. ಗೌಡರು ಕೂಗುತ್ತಲೇ ಇದ್ದರು. ಅವಳು ಆ ಮೂರು ಅಕ್ಷರಕ್ಕೆ ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸಿ, ಮನೆದೇವರನ್ನು ನೆನೆದು ಕೈ ಮುಗಿದಳು.

"ತಾಯಿ ಗುತ್ಯವ್ವ, ನಿನ್ನ ಹೆಸರಿಟ್ಟ ಕೂಸು. ಹಿಮದಾಗೆ ಒಬ್ಬನೇ ಮಲಗ್ಯಾನೆ. ಸೋತನೋ ಗೆದ್ದನೋ ನೀನು ಕೇಳಬ್ಯಾಡ. ಉಣ್ಣಿಸು, ಬೆಚ್ಚಗೆ ಹೊದಿಸು, ನಿನ್ನ ಮಗ್ಗುಲಾಗೆ ಮಲಗಿಸ್ಕೋ. ಅವನ ಜೀವಕ್ಕೆ ತಂಪು ಕೊಡು ತಾಯಿ."