ಒಂಬತ್ತನೇ ಬಹದ್ದೂರ್

ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸಿ ನೇತುಹಾಕಿದ್ದ ಫೋಟೋಗಳ ಮುಂದೆ ಹಾದುಹೋಗುವಾಗ ತಾಯಕ್ಕನ ಕೈಯಲ್ಲಿದ್ದ ಚಹಾದ ತಟ್ಟೆ ವಾಲಿತು. ಎರಡು ಲೋಟ ಉರುಳಿ ಚಹಾ ಅವಳ ಪಾದದ ಮೇಲೇ ಸುರಿಯಿತು. ಸುಟ್ಟದ್ದು ಅವಳಿಗೆ ಗೊತ್ತಾಗಲಿಲ್ಲ.

"ಗಂಡುಮಕ್ಳ ಫೋಟೋ ಕಂಡ ಕೂಡ್ಲೇ ಕೈ ನಡುಗಾಕ ಹತ್ತಿದ್ವೇನಬೇ ತಾಯಕ್ಕಾ? ನಿನ್ನ ಗಂಡಗ, ಮೂಕಣ್ಣ ಮಾವಗ ಹೇಳ್ತೀನಿ ತಡಿ," ಎಂದಳು ಮೂಲೆಯಲ್ಲಿ ಬಾಳೆಹಣ್ಣು ಹೊಂದಿಸುತ್ತಿದ್ದ ಹೊಳೆಮ್ಮ. ಕೂತ ಹೆಂಗಸರೆಲ್ಲ ನಕ್ಕರು. ಏನೆಂದು ತಿಳಿಯದಿದ್ದರೂ ಬಂದ ಅತಿಥಿಗಳೂ ನಕ್ಕರು.

ತಾಯಕ್ಕ ಬಗ್ಗಿ ಲೋಟ ಎತ್ತಿಕೊಂಡಳು. ಮತ್ತೊಮ್ಮೆ ತಲೆ ಎತ್ತಿ ನೋಡುವ ಧೈರ್ಯವಾಗಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಸ್ಟುಡಿಯೋದ ನೀಲಿ ಪರದೆಯ ಮುಂದೆ ನಿಂತ ಇಪ್ಪತ್ತೈದರ ಗಂಡಸು. ಎಡ ಹುಬ್ಬು ಅರ್ಧಕ್ಕೇ ತುಂಡಾಗಿತ್ತು. ಚಿಕ್ಕವನಿದ್ದಾಗ ಮರದಿಂದ ಬಿದ್ದದ್ದು ಎಂದು ಅವನೇ ಒಂದು ದಿನ ಅವಳಿಗೆ ಕೈಸನ್ನೆ ಮಾಡಿ ತೋರಿಸಿದ್ದ.

ಸಂಡೂರಿನ ಬಳಿಯ ಯಶವಂತನಗರದ ಸಂಘದ ಕೋಣೆಗೆ ಹೊರದೇಶದವರು ಬಂದದ್ದು ಅದೇ ಮೊದಲು. ನೇಪಾಳದಿಂದ ಮೂವರು, ಶ್ರೀಲಂಕಾದಿಂದ ಇಬ್ಬರು, ಬಾಂಗ್ಲಾದೇಶದಿಂದ ಒಬ್ಬಳು. ಹೊರದೇಶದವರೆಂದರೆ ಬೆಳ್ಳಗೆ ಎತ್ತರಕ್ಕೆ ಇರುತ್ತಾರೆಂದುಕೊಂಡಿದ್ದ ಹೊಳೆಮ್ಮನಿಗೆ ಬೆಳಿಗ್ಗೆಯೇ ನಿರಾಸೆಯಾಗಿತ್ತು. "ಇವ್ರು ನಮ್ಮಂಗೇ ಅದಾರಲ್ರೀ, ಚಪ್ಪಲಿ ಸೈತ ಸವದಾವ," ಎಂದಿದ್ದಳು. ಹೊಸಪೇಟೆಯ ಚಿತ್ತವಾಡ್ಗಿಯಿಂದ ಬಂದು ಒಕ್ಕೂಟದ ಕೆಲಸ ನೋಡಿಕೊಳ್ಳುವ ಗಂಗಾ ಎಲ್ಲರಿಗೂ ಬಿಡಿಸಿ ಹೇಳಿದ್ದಳು. ಈ ಸೀಮೆಯ ಕೂಲಿ ಹೆಂಗಸರ ಸಂಘಗಳ ಒಕ್ಕೂಟಕ್ಕೂ ನೆರೆನಾಡುಗಳ ಇಂಥವೇ ಸಂಘಗಳಿಗೂ ಒಂದು ಒಪ್ಪಂದವಾಗಿದೆ. ದುಡಿಯಲು ಹೋಗಿ ಕಾಣೆಯಾದ ನಮ್ಮವರನ್ನು ಅವರು ಹುಡುಕಬೇಕು, ಅವರವರನ್ನು ನಾವು. ಕಂಪ್ಲಿಯ ಉಚ್ಚೆಂಗಮ್ಮನ ಮಗಳು ಮನೆಗೆಲಸಕ್ಕೆಂದು ಕೊಲ್ಲಿ ದೇಶಕ್ಕೆ ಹೋಗಿ ಎರಡು ವರ್ಷ ಸುದ್ದಿಯಿಲ್ಲದೆ ಉಳಿದಾಗ ಅಲ್ಲಿ ದುಡಿಯುವ ತಮ್ಮವರ ಮೂಲಕ ಪತ್ತೆ ಹಚ್ಚಿ ವಿಮಾನ ಹತ್ತಿಸಿದವರು ಶ್ರೀಲಂಕಾದ ಈ ಇಬ್ಬರೇ. ಅದನ್ನು ಕೇಳಿ ತಾಯಕ್ಕ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು. ತನ್ನ ಸರದಿಯೂ ಬರುತ್ತದೆಂದು ಆಗ ಅವಳಿಗೆ ಹೊಳೆದಿರಲಿಲ್ಲ.

"ಈಕಿ ಬಿಷ್ಣುಮಾಯಾ ಅಂತ," ಎಂದಳು ಗಂಗಾ, ಫೋಟೋದ ಪಕ್ಕದಲ್ಲಿ ನಿಂತ ತೆಳ್ಳನೆಯ ಹೆಂಗಸನ್ನು ತೋರಿಸಿ. ನಲವತ್ತರ ಆಸುಪಾಸು. ಬೈತಲೆಯ ತುಂಬ ಕುಂಕುಮ, ಕೊರಳಲ್ಲಿ ನಮ್ಮ ತಾಳಿಯ ಜಾಗದಲ್ಲಿ ಕೆಂಪು ಮಣಿಗಳ ಸರ. "ಫೋಟೋದಾಗ ಇರೋದು ಈಕಿ ಗಂಡ, ತುಲ್ ಬಹಾದುರ್. ಸಂಡೂರು ಅನ್ನೋ ಊರಾಗ ಗಣಿ ಕೆಲಸ ಐತಿ ಅಂತ ಒಂದು ಫೋನ್ ಮಾಡಿದ್ನಂತ. ಹದಿನೈದು ವರ್ಷ ಆತು. ಕಂಪನಿಗಳ ಪಟ್ಟಿಯೊಳಗ ಎಲ್ಲೂ ಆ ಹೆಸರಿಲ್ಲ. ಕುಂಕುಮ ಒರಸ್ಕೋ ಅಂತ ಅತ್ತಿ ಮಾವ ಗಂಟುಬಿದ್ದಾರ. ಸತ್ತದ್ದು ಕಂಡವರು ಒಬ್ರನ್ನ ತೋರಿಸ್ರಿ, ಒರಸ್ಕೊಂತೀನಿ ಅಂತಾಳ ಈಕಿ."

ಬಿಷ್ಣುಮಾಯಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ತಾಯಕ್ಕನ ಮುಖವನ್ನೂ ನೋಡಿದಳು. ತಾಯಕ್ಕ ನೆಲ ಒರೆಸುವ ಬಟ್ಟೆ ಹುಡುಕಿಕೊಂಡು ಹೊರಗೆ ಹೋದಳು.

ಪಟ್ಟಿಯಲ್ಲಿ ಹೆಸರು ಎಲ್ಲಿಂದ ಸಿಗಬೇಕು? ಆಗ ಅದಿರಿಗೆ ಚಿನ್ನದ ಬೆಲೆ ಬಂದ ಕಾಲ. ಜೋಳದ ಹೊಲಗಳನ್ನೂ ಅಗೆದು ಕೆಂಪು ಕಲ್ಲು ಲಾರಿಗೇರಿಸುತ್ತಿದ್ದರು. ತಾಯಕ್ಕನ ಗಂಡ ಮೂಕಣ್ಣ ಅಂಥದೊಂದು ಅಗೆತದಲ್ಲಿ ಮೇಸ್ತ್ರಿ. ಅವನ ಕೈಕೆಳಗೆ ಒಂಬತ್ತು ಜನ ನೇಪಾಳದವರಿದ್ದರು. ಅವರ ಹೆಸರು ಬಾಯಿಗೆ ಹತ್ತದೆ, ಹಾಜರಿ ಪುಸ್ತಕದಲ್ಲಿ ಬಹದ್ದೂರ್ ಒಂದು, ಬಹದ್ದೂರ್ ಎರಡು ಎಂದು ಬರೆದುಕೊಂಡಿದ್ದ. ಕೊನೆಗೆ ಬಂದವನು ಒಂಬತ್ತು. ಅಗೆತದ ಕ್ಯಾಂಪಿನಲ್ಲಿ ಅವರಿಗೆಲ್ಲ ಅಡಿಗೆ ಮಾಡುತ್ತಿದ್ದವಳು ತಾಯಕ್ಕ. ಉಳಿದ ಎಂಟು ಜನ ದಸರೆಗೆಂದು ಊರಿಗೆ ಹೋದಾಗ ಒಂಬತ್ತನೆಯವನು ಉಳಿದ. ಅದೇ ವಾರ ಹಿಂಗಾರಿ ಮಳೆಗೆ ಮಣ್ಣಿನ ರಾಶಿ ಜರಿದು ಅವನ ಮೇಲೆ ಬಿತ್ತು. ಹೊರತೆಗೆದಾಗ ಉಸಿರಿರಲಿಲ್ಲ. ಪೊಲೀಸು, ಪಂಚನಾಮೆ ಏನೂ ಬೇಡ, ಸಂಜೆಯೊಳಗೆ ಮುಗಿಸಿ ಎಂದು ಗುತ್ತಿಗೆದಾರನ ಕಡೆಯವನು ಜೀಪಿನಿಂದ ಇಳಿಯದೆಯೇ ಹೇಳಿ ಹೋದ. ಮೂಕಣ್ಣ ಮುಗಿಸಿದ.

ಆವತ್ತಿನಿಂದ ತಾಯಕ್ಕನ ಹಿತ್ತಲ ಹೊಸ್ತಿಲ ಮೇಲೆ ಒಬ್ಬ ಬಂದು ಕೂಡುತ್ತಿದ್ದ. ದಿನವೂ ಅಲ್ಲ. ಮಧ್ಯಾಹ್ನ ಗಣಿಯ ಸೈರನ್ ಆದ ಮೇಲೆ, ಅವಳು ಒಲೆಯ ಮುಂದೆ ರೊಟ್ಟಿ ಬಡಿಯುವಾಗ, ಬೆನ್ನ ಹಿಂದೆ ಬೆಳಕು ಒಂದಿಷ್ಟು ಕಮ್ಮಿಯಾಗುತ್ತಿತ್ತು. ತಿರುಗಿದರೆ ಬೆಳಕು ಇದ್ದಷ್ಟೇ ಇರುತ್ತಿತ್ತು. ಭ್ರಮೆಯೆಂದು ತಳ್ಳಿಹಾಕಬಹುದಿತ್ತು. ಆದರೆ ಮೂಕಣ್ಣ ಹಿತ್ತಲಿಗೆ ಹೋಗುವಾಗ, ಕೂತವರನ್ನು ದಾಟಬಾರದು ಎಂಬಂತೆ, ಹೊಸ್ತಿಲ ಒಂದು ಅಂಚಿಗೆ ಸರಿದು ಕಾಲಿಡುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಇಬ್ಬರೂ ಅದರ ಮಾತು ತೆಗೆದಿರಲಿಲ್ಲ.

ಊಟದ ಹೊತ್ತಿಗೆ ಅವಳು ಮನೆಗೆ ಬಂದಾಗ ಮೂಕಣ್ಣ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅವನ ಎದೆಗೆ ಗಣಿಯ ಧೂಳು ಕೂತು ನಾಲ್ಕು ವರ್ಷವಾಗಿತ್ತು. ಅಂಗಳ ದಾಟಬೇಕಾದರೆ ಎರಡು ಕಡೆ ನಿಲ್ಲಬೇಕಾಗುತ್ತಿತ್ತು.

"ಏನಂತಾರ ಹೊರದೇಶದವ್ರು? ಏನರ ಕೊಟ್ರೋ, ಬರೇ ಫೋಟೋ ಹಿಡದು ಕಳಿಸಿದ್ರೋ?"

"ಕೊಡಾಕ ಬಂದಿಲ್ಲ. ಕೇಳಾಕ ಬಂದಾರ."

"ಏನನ್ನ?"

"ಬಹದ್ದೂರ್ ಎಲ್ಲಿ ಅಂತ." ಅವಳು ಅವನ ಮುಖ ನೋಡದೆ ಹೇಳಿದಳು. "ಒಂಬತ್ತು. ಆತನ ಹೆಂಡ್ತಿ ಬಂದಾಳ."

ಮೂಕಣ್ಣನಿಗೆ ಕೆಮ್ಮು ಬಂತು. ತಾಯಕ್ಕ ನೀರು ತಂದಿಟ್ಟಳು. ಅವನು ಕುಡಿಯಲಿಲ್ಲ.

"ನೀ ಏನಂದಿ?"

"ಏನೂ ಅನ್ಲಿಲ್ಲ. ಚಾ ಚೆಲ್ಲಿದೆ."

"ಹಂಗಾರ ಅಷ್ಟಕ್ಕೇ ಬಿಡು."

"ನಾಳಿ ಹಂಪಿ ನೋಡ್ಕೊಂಡು ಹೊಸಪೇಟ್ಯಾಗ ರೈಲು ಹತ್ತತಾರ. ಹೋದ್ರ ಮತ್ತ ಬರಾದಿಲ್ಲ."

"ಹತ್ತಲಿ ಬಿಡು."

"ಪೊಲೀಸ್ರಿಗೆ ಅಂಜ್ತೀಯೇನು?" ತಾಯಕ್ಕನ ದನಿ ಏರಿತು. "ಈ ಉಸಿರಿನ ಮ್ಯಾಲ ನಿನ್ನ ಎಳಕೊಂಡು ಹೋಗಿ ಅವ್ರಾದ್ರೂ ಏನ್ ಮಾಡ್ಯಾರು? ನಿನ್ನ ಕೆಮ್ಮಿಗೆ ಸ್ಟೇಷನ್ನಿನವ್ರೇ ಮನಿಗೆ ತಂದು ಬಿಡ್ತಾರ. ಆಕಿ ಹದಿನೈದು ವರ್ಷದಿಂದ ಇತ್ಲಾಗ ಮುತ್ತೈದಿನೂ ಅಲ್ಲ, ಅತ್ಲಾಗ ರಂಡಿನೂ ಅಲ್ಲ. ನಾ ನನ್ನ ಕೈಯಾರೆ ರೊಟ್ಟಿ ಹಾಕೀನಿ ಆ ಹುಡುಗಗ. ಆಕಿ ಮುಖ ನೋಡಿ ಗೊತ್ತಿಲ್ಲ ಅನ್ನಾಕ ನನಗ ಬಾಯಿ ಬರಾದಿಲ್ಲ."

"ಪೊಲೀಸ್ರಿಗೆ ಯಾರ್ ಅಂಜ್ತಾರಬೇ?" ಮೂಕಣ್ಣ ನೀರಿನ ಲೋಟ ಪಕ್ಕಕ್ಕೆ ಸರಿಸಿ ಹೇಳಿದ. "ಆವತ್ತು ನಾ ಬಿಸಾಕಿ ಬಂದೆ ಅಂತ ತಿಳಿದೀಯೇನು ನೀ? ಕೊಡ ನೀರು ಹಾಕಿ ಮೈ ತೊಳದೆ. ನನ್ನ ಹೊಸಾ ಧೋತರ ಸುತ್ತಿದೆ. ಕುಣಿ ತೋಡಿ, ದಕ್ಷಿಣಕ್ಕ ತಲಿ ಮಾಡಿ ಮಲಗಿಸಿ, ಕಾಯಿ ಒಡದು ಮಣ್ಣು ಕೊಟ್ಟೆ. ಮೂರು ದಿನಕ್ಕ ಹಾಲು ತುಪ್ಪ ಬಿಟ್ಟು ಬಂದೆ. ನಮ್ಮಪ್ಪಗ ಮಾಡಿದಂಗೇ ಮಾಡೀನಿ, ಒಂದೂ ಕಮ್ಮಿ ಮಾಡಿಲ್ಲ."

"ಮತ್ಯಾಕ ಅಂಜಿಕಿ?"

"ಉಳದವ್ರು ಊರಿಂದ ತಿರುಗಿ ಬಂದ್ರಲ್ಲ, ನಾಲ್ಕನೇ ಬಹದ್ದೂರ್ ಬಂದು ಕೇಳಿದ, ಎಲ್ಲಿ ಸುಟ್ರಿ, ಬೂದಿ ಎಲ್ಲೈತಿ ಅಂತ. ಅವರ ಮಂದಿ ಹೂಳಾದಿಲ್ಲಂತ. ಬೆಂಕಿ ಕಾಣದ ಜೀವಕ್ಕ ದಾರಿ ಇಲ್ಲಂತ. ನನಗೇನ್ ಗೊತ್ತು? ಸತ್ರ ಮಣ್ಣು ಕೊಡಾದು ಅಷ್ಟೇ ಕಂಡಾಂವ ನಾ. ಆತನ ಮನಿ ಯಾವ ಗುಡ್ಡದಾಗೈತೋ ಗೊತ್ತಿಲ್ಲ, ಬೂದಿ ಆದ್ರೂ ಕೊಡ್ರಿ, ನಮ್ಮ ಹೊಳ್ಯಾಗ ಬಿಡ್ತೀನಿ ಅಂದ." ಮೂಕಣ್ಣ ಉಸಿರು ಎಳೆದುಕೊಂಡ. "ನಿನ್ನ ಒಲಿ ಬೂದಿ ಗಂಟು ಕಟ್ಟಿ ಕೊಟ್ಟೆ."

ತಾಯಕ್ಕ ಒಳಗಿನ ಒಲೆಯ ಕಡೆ ನೋಡಿದಳು. ಬೆಳಿಗ್ಗೆ ತಾನೇ ಸಾರಿಸಿದ್ದು. ಸಿಲಿಂಡರು ಬಂದರೂ ರೊಟ್ಟಿಗೆ ಅದೇ ಒಲೆ. ಹದಿನೈದು ವರ್ಷದಿಂದ ಬೆನ್ನ ಹಿಂದೆ ಕೂತವನು ತನ್ನ ರೊಟ್ಟಿಗಾಗಿ ಕೂತಿದ್ದಾನೆಂದೇ ಅವಳು ತಿಳಿದಿದ್ದಳು, ಬೆಂಕಿಗಾಗಿ ಎಂದಲ್ಲ.

"ಆಕಿ ಬೆಂಕಿ ಯಾರು ಕೊಟ್ರು ಅಂತ ಕೇಳಿದ್ರ ಏನ್ ಹೇಳ್ಲಿ? ಹೇಳು ನೋಡೋಣ," ಎಂದ ಮೂಕಣ್ಣ.

ತಾಯಕ್ಕ ಉಣ್ಣದೆಯೇ ಸೆರಗು ಸಿಕ್ಕಿಸಿ ಸಂಘದ ಕೋಣೆಗೆ ಹೊರಟಳು. ಅವನು ತಡೆಯಲಿಲ್ಲ.

ಕೋಣೆಯಲ್ಲಿ ಊಟ ಮುಗಿದು ಫೋಟೋಗಳನ್ನು ಬಿಚ್ಚುತ್ತಿದ್ದರು. ಬಿಷ್ಣುಮಾಯಾ ತನ್ನ ಗಂಡನ ಫೋಟೋವನ್ನು ಹಾಳೆಯೊಳಗಿಟ್ಟು ಸುತ್ತುತ್ತಿದ್ದಳು. ತಾಯಕ್ಕ ಅವಳ ಎದುರು ಕೂತು, ಸುತ್ತಿದ ಹಾಳೆಯನ್ನು ಮೆಲ್ಲಗೆ ಬಿಚ್ಚಿ, ಅರ್ಧ ಹುಬ್ಬಿನ ಮೇಲೆ ಬೆರಳಿಟ್ಟಳು.

"ಗಂಗವ್ವಾ, ಮರದಿಂದ ಬಿದ್ದಿದ್ನಲ್ಲ ಅಂತ ಕೇಳು ಈಕೀನ."

ಗಂಗಾ ಹಿಂದಿಯಲ್ಲಿ ಕೇಳಿದಳು. ಬಿಷ್ಣುಮಾಯಾ ತಾಯಕ್ಕನ ಮಣಿಕಟ್ಟು ಹಿಡಿದಳು. ಹಿಡಿದ ಕೈ ಬಿಡಲಿಲ್ಲ. ತಾಯಕ್ಕ ಒಂದೊಂದಾಗಿ ಹೇಳುತ್ತ ಹೋದಳು. ಮಳೆ, ಮಣ್ಣಿನ ರಾಶಿ, ಜೀಪು, ಹೊಸ ಧೋತರ. ಗಂಗಾ ಒಂದೊಂದನ್ನೂ ಆ ಕಡೆ ದಾಟಿಸಿದಳು. ಹೊಳೆಮ್ಮ ಬಾಳೆಹಣ್ಣಿನ ಬುಟ್ಟಿ ಕೆಳಗಿಟ್ಟು ನಿಂತಲ್ಲೇ ನಿಂತಳು. ಬಿಷ್ಣುಮಾಯಾ ಅಳಲಿಲ್ಲ. ಎಲ್ಲ ಕೇಳಿದ ಮೇಲೆ ಒಂದೇ ಮಾತು ಕೇಳಿದಳು. ಗಂಗಾ ಅದನ್ನು ಕನ್ನಡಕ್ಕೆ ತರುವ ಮೊದಲೇ ತಾಯಕ್ಕನಿಗೆ ತಿಳಿಯಿತು. ಬೆಂಕಿಗೆ ಅವರು ಹೇಳುವ ಆಗ್ ಎಂಬ ಶಬ್ದ ಕ್ಯಾಂಪಿನ ಅಡಿಗೆಮನೆಯಲ್ಲಿ ಕೇಳಿದ್ದೇ.

"ಬೆಂಕಿ ಕೊಟ್ಟಿಲ್ಲವ್ವಾ," ಎಂದಳು. "ನಮಗ ತಿಳೀಲಿಲ್ಲ. ಮಣ್ಣು ಕೊಟ್ವಿ."

ಗಂಗಾ ತಾಯಕ್ಕನ ಕಡೆ ತಿರುಗಿದಳು. "ಇದನ್ನೂ ಹೇಳ್ಲಾ ತಾಯಕ್ಕಾ?"

"ಹೇಳು. ಬೂದಿ ಮಾತೂ ಐತಿ. ಅದನ್ನೂ ಹೇಳು."

ಹೇಳಿದ ಮೇಲೆ ಬಿಷ್ಣುಮಾಯಾಳ ಹಿಡಿತ ಸಡಿಲಾಯಿತು. ಅವಳು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು. ಶ್ರೀಲಂಕಾದ ಹೆಂಗಸರಲ್ಲೊಬ್ಬಳು ಹತ್ತಿರ ಹೋಗಿ, ಮುಟ್ಟದೆ, ಪಕ್ಕದಲ್ಲಿ ನಿಂತಳು. ಹೊರಗೆ ಆಟೋ ನಿಂತ ಸದ್ದಾಯಿತು. ಮೂಕಣ್ಣ ಕೋಲು ಊರಿ ಇಳಿಯುತ್ತಿದ್ದ. ಬಾಗಿಲವರೆಗೆ ಬರಲು ಅವನಿಗೆ ಎರಡು ಕಡೆ ನಿಲ್ಲಬೇಕಾಯಿತು.

"ಜಾಗ ನಮ್ಮಾಕಿಗೆ ಗೊತ್ತಿಲ್ರಿ," ಎಂದ, ಯಾರ ಮುಖವನ್ನೂ ನೋಡದೆ. "ನನಗ ಗೊತ್ತು. ಬರ್ರಿ."

ಅಗೆತದ ಜಾಗ ಮುಚ್ಚಿಹೋಗಿತ್ತು. ಗುಂಡಿ ತುಂಬಿಸಿ, ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಹೊಂಗೆ ಸಸಿ ನೆಟ್ಟಿದ್ದರು. ದಿಬ್ಬದ ಬುಡ ಬಳಸಿಕೊಂಡು ಮೂಕಣ್ಣ ಮುಂದೆ ನಡೆದ. ಹತ್ತು ಹೆಜ್ಜೆಗೊಮ್ಮೆ ನಿಂತ. ಅವನು ನಿಂತಾಗಲೆಲ್ಲ ಹಿಂದಿದ್ದ ಬಿಷ್ಣುಮಾಯಾಳೂ ನಿಂತಳು, ದಾಟಿ ಮುಂದೆ ಹೋಗಲಿಲ್ಲ. ಬೇಲಿಯ ಆಚೆ, ಯಾರೂ ಅಗೆಯದೆ ಬಿಟ್ಟ ಬಂಡೆಯೊಂದರ ಹಿಂದೆ ಅವನು ಕೋಲಿನಿಂದ ನೆಲ ತೋರಿಸಿದ. ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು.

"ತಲಿ ಈ ಕಡಿಗೈತವ್ವಾ," ಎಂದ.

ಬಿಷ್ಣುಮಾಯಾ ಹುಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ತನ್ನ ಭಾಷೆಯಲ್ಲಿ ಮಾತಾಡತೊಡಗಿದಳು. ಅದು ಅಳುವಾಗಿರಲಿಲ್ಲ. ಹೊತ್ತು ಮೀರಿ ಮನೆಗೆ ಬಂದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ ಬೈಯುವ ದನಿ. ಬೈಯುತ್ತಲೇ ಹುಲ್ಲು ಕೀಳತೊಡಗಿದಳು. ಹೊಳೆಮ್ಮ ಗಂಗಾಳ ಕಡೆ ನೋಡಿದಳು, ಗಂಗಾ ತಲೆಯಾಡಿಸಿದಳು. ಅವಳಿಗೂ ತಿಳಿಯದ ಭಾಷೆ ಅದು. ಬೈಗುಳವೆಲ್ಲ ತನಗೇ ಎಂಬಂತೆ ಮೂಕಣ್ಣ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಕೋಲನ್ನು ಬಂಡೆಗೆ ಒರಗಿಸಿ, ಬಂಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತ. ಕಾಲಿನ ಕಡೆಯಿಂದ ಅವನೂ ಹುಲ್ಲು ಕೀಳತೊಡಗಿದ. ಅವಳು ಮಾತು ನಿಲ್ಲಿಸಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಇಬ್ಬರ ನಡುವೆ ಕೆಂಪು ಮಣ್ಣು ಅಗಲವಾಗುತ್ತ ಬಂತು.