ಮೊಳದುದ್ದದ ಅಂಬಾಸಿಡರ್

ಶಿಕಾರಿಪುರದ ಪೇಟೆಯಲ್ಲಿ ಚಂದ್ರಶೇಖರಪ್ಪನಿಗೆ ಚೆನ್ನಾಗಿ ನಡೆಯುವ ಬಟ್ಟೆ ಅಂಗಡಿಯಿತ್ತು, ಐವತ್ತು ದಾಟಿದ ವಯಸ್ಸಿತ್ತು, ನಾಲ್ಕು ಜನ ಎದ್ದು ನಿಲ್ಲುವಷ್ಟು ಮರ್ಯಾದೆಯಿತ್ತು. ಇಷ್ಟೆಲ್ಲ ಇದ್ದ ಮನುಷ್ಯ ಮಧ್ಯಾಹ್ನ ಉಂಡವನೇ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಹಿತ್ತಲ ಕೋಣೆಯಲ್ಲಿ ಎಣ್ಣೆ ಡಬ್ಬ ಕತ್ತರಿಸುತ್ತ ಕೂತರೆ ನೋಡಿದವರು ನಗದೆ ಏನು ಮಾಡಿಯಾರು? ಅವನಿಗೆ ಪುಟ್ಟ ಕಾರು ಕಟ್ಟುವ ಹುಚ್ಚು. ಬಸ್ ಸ್ಟ್ಯಾಂಡಿನಲ್ಲಿ ನಿಂತ ನಿಜವಾದ ಕಾರಿಗೆ ಟೇಪು ಹಿಡಿದು ಅಳತೆ ತಂದು, ಅದನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿ, ತಗಡಿನಲ್ಲಿ ಮೈ ಬಡಿಯುತ್ತಿದ್ದ. ಹಳೆಯ ಹವಾಯಿ ಚಪ್ಪಲಿ ಕೊರೆದು ಟೈರು, ಸೈಕಲ್ ಕಡ್ಡಿಯಿಂದ ಅಚ್ಚು, ತೊಳೆದ ಎಕ್ಸ್‌ರೇ ಹಾಳೆಯಿಂದ ಗಾಜು. ಬಣ್ಣವನ್ನು ಸೊಳ್ಳೆ ಔಷಧಿಯ ಪಂಪಿನಲ್ಲಿ ತುಂಬಿ ಹೊಡೆಯುತ್ತಿದ್ದ. ಹಾಗೆ ಹೊಡೆದ ದಿನ ಇಡೀ ಕೇರಿ ಮೂಗು ಮುಚ್ಚಿಕೊಳ್ಳುತ್ತಿತ್ತು.

ಈ ಹುಚ್ಚಿನಲ್ಲಿ ಅವನಿಗೆ ಜೊತೆಗಾರನೆಂದರೆ ಸೊರಬದ ಮಲ್ಲಿಕಾರ್ಜುನಪ್ಪ ಒಬ್ಬನೇ. ಅವನೂ ಮರದಲ್ಲಿ ಇಂಥವೇ ಕಾರು ಮಾಡುತ್ತಿದ್ದ, ಆದರೆ ಬಾಯಿ ಮಾತ್ರ ಸರಿಯಿಲ್ಲ. ಯಾವುದೋ ಮದುವೆಯಲ್ಲಿ ಸಿಕ್ಕಾಗ ಚಂದ್ರಶೇಖರಪ್ಪ ತನ್ನ ಕಾರನ್ನು ಚೀಲದಿಂದ ತೆಗೆದು ತೋರಿಸಿದ. ಮಲ್ಲಿಕಾರ್ಜುನಪ್ಪ ಅದನ್ನು ಚಾಪೆಯ ಮೇಲಿಟ್ಟು ಬೆರಳಲ್ಲಿ ನೂಕಿದ. ಚಕ್ರ ತಿರುಗಲಿಲ್ಲ.

"ಚಂದ ಐತ್ರೀ. ಆದ್ರೆ ಓಡಲ್ಲ, ಒಳಗೆ ಯಾರೂ ಕೂರಲ್ಲ. ಇದು ಕಾರಲ್ಲ, ಡಬ್ಬ," ಅಂದುಬಿಟ್ಟ, ಅಷ್ಟು ಜನರ ಮುಂದೆ.

ಆ ಮಾತು ಚಂದ್ರಶೇಖರಪ್ಪನ ಹೊಟ್ಟೆಯಲ್ಲಿ ಮುಳ್ಳಿನಂತೆ ಕೂತಿತು. ಅದಕ್ಕೆ ಉತ್ತರವಾಗಿ ಎರಡು ವರ್ಷ ಕಣ್ಣು ಕೆಡಿಸಿಕೊಂಡು ಈ ಅಂಬಾಸಿಡರ್ ಕಟ್ಟಿದ್ದ. ಮೊಳದುದ್ದ, ಕುಂಕುಮದಂಥ ಕೆಂಪು. ಬಾಗಿಲು ತೆರೆಯುತ್ತಿತ್ತು, ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಚಕ್ರ ತಿರುಗುತ್ತಿತ್ತು, ಹಿಂದಿನ ಸೀಟಿಗೆ ರೆಕ್ಸಿನ್ ಹೊದಿಸಿತ್ತು. ತೊಂಬತ್ತಾರನೇ ಇಸವಿಯ ಬೇಸಿಗೆ ಶುರುವಾಗುವ ಹೊತ್ತಿಗೆ ಅದು ಮುಗಿಯಿತು. "ಮಧ್ಯಾಹ್ನ ಊಟಕ್ಕೆ ಬನ್ನಿ, ಓಡಿಸಿ ತೋರಿಸಿ," ಎಂದು ಸೊರಬದಿಂದ ಫೋನೂ ಬಂತು. ಈ ಸಲ ಮಲ್ಲಿಕಾರ್ಜುನಪ್ಪನ ಬಾಯಿಂದ 'ಕಾರು' ಅನ್ನಿಸದೆ ಬಿಡಬಾರದು ಎಂದು ಚಂದ್ರಶೇಖರಪ್ಪ ಹಟ ತೊಟ್ಟಿದ್ದ.

ಹೊರಡುವಾಗ ಹೆಂಡತಿ ನೀಲಮ್ಮ ಅಡ್ಡ ಬಂದಳು. "ಹೊಸ ಗಾಡಿ ರೀ. ಪೂಜೆ ಇಲ್ಲದೆ ಊರು ದಾಟಿಸ್ತೀರೇನು?" ಅಂತ ತಮಾಷೆ ಮಾಡುತ್ತಲೇ ಬಾನೆಟ್ಟಿಗೆ ವಿಭೂತಿ, ಕುಂಕುಮ ಹಚ್ಚಿ, ಮುಂದೆ ಒಂದು ಎಳೆ ನಿಂಬೆಕಾಯಿ ಕಟ್ಟಿದಳು. ಬಣ್ಣ ಹಾಳಾಗುತ್ತದೆಂದು ಅವನಿಗೆ ಜೀವ ಚುರ್ ಅಂದರೂ ಕಾರನ್ನು ಹಾಗೆಯೇ ಪೆಟ್ಟಿಗೆಯಲ್ಲಿಟ್ಟ. ಸ್ಕೂಟರಿನ ಕಾಲ ಬುಡದಲ್ಲಿ ಕಾರಿನ ಪೆಟ್ಟಿಗೆ, ಹೆಗಲಲ್ಲಿ ಕ್ಯಾಮೆರಾ, ಜೇಬಿನಲ್ಲಿ ಇಕ್ಕಳ.

ಕ್ಯಾಮೆರಾ ಯಾಕೆಂದರೆ, ಇಂಥ ಕಾರನ್ನು ನಿಜವಾದ ಮಣ್ಣುರಸ್ತೆಯಲ್ಲಿಟ್ಟು, ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ ಫೋಟೋ ತೆಗೆದರೆ ದೊಡ್ಡ ಕಾರೇ ಬಂದಂತೆ ಕಾಣುತ್ತದೆ. ಸೊರಬದ ದಾರಿಯಲ್ಲಿ ಹೊಸಬಾಳೆ ಊರು ಇನ್ನೂ ಮುಂದಿದೆ ಎನ್ನುವಾಗ ಒಂದು ಕವಲುದಾರಿ ಅವನ ಕಣ್ಣಿಗೆ ಬಿತ್ತು. ಒಳ್ಳೆ ಕೆಂಪು ಧೂಳು, ಪಕ್ಕದಲ್ಲಿ ಊರಿನ ಗಡಿಕಲ್ಲು, ಅದರ ಮೇಲೆ ಬೇವಿನ ನೆರಳು. ಕಾರನ್ನು ಊರಿನ ಕಡೆ ಮುಖ ಮಾಡಿ ನಿಲ್ಲಿಸಿದ. ಕ್ಯಾಮೆರಾ ತೆಗೆಯುವಷ್ಟರಲ್ಲಿ, ಬೆಳಿಗ್ಗೆ ಹೋಟೆಲಿನಲ್ಲಿ ತಿಂದ ಮಂಡಕ್ಕಿ ಮೆಣಸಿನಕಾಯಿ ತನ್ನ ಕೆಲಸ ಶುರುಮಾಡಿತು. ತಡೆಯುವ ಹಾಗಿರಲಿಲ್ಲ. ಕ್ಯಾಮೆರಾ ಸ್ಕೂಟರಿಗೆ ನೇತುಹಾಕಿ ಕೆರೆ ಏರಿಯ ಹಿಂದಕ್ಕೆ ಓಡಿದ.

ಹಗುರಾಗಿ ವಾಪಸು ಬಂದಾಗ ಸ್ಕೂಟರಿತ್ತು, ಕ್ಯಾಮೆರಾ ಇತ್ತು, ಕಾರು ಇರಲಿಲ್ಲ.

ಅವನಿಗೆ ತಲೆಬುಡ ತಿಳಿಯಲಿಲ್ಲ. ಪೊದೆ, ಗದ್ದೆ, ಕೆರೆ ಅಂಗಳವನ್ನೆಲ್ಲ ತಾಸುಗಟ್ಟಲೆ ಹುಡುಕಿದ. ಕದಿಯುವವನು ಕ್ಯಾಮೆರಾ ಬಿಟ್ಟು ತಗಡಿನ ಕಾರು ಯಾಕೆ ಕದಿಯುತ್ತಾನೆ? ಕೊನೆಗೆ ಬಗ್ಗಿ ನೋಡಿದರೆ ಧೂಳಿನಲ್ಲಿ ಸಣ್ಣ ಚಕ್ರದ ಗುರುತು, ಹವಾಯಿ ಚಪ್ಪಲಿಯ ಗೆರೆಗಳ ಸಮೇತ, ಊರೊಳಗೆ ಹೋಗಿತ್ತು. ಎತ್ತಿಕೊಂಡು ಹೋಗಿರಲಿಲ್ಲ, ಎಳೆದುಕೊಂಡು ಹೋಗಿದ್ದರು. ಗುರುತಿನ ಪಕ್ಕದಲ್ಲಿ ಅರಿಶಿನದ ನೀರು ಚೆಲ್ಲಿತ್ತು.

ಊರೊಳಗೆ ಚಾ ಅಂಗಡಿಯವನನ್ನು ಕೇಳಿದ, "ಇಲ್ಲೊಂದು ಸಣ್ಣ ಕಾರು ಬಂತೇನ್ರೀ? ಕೆಂಪಂದು?"

"ಕಾರು ಯಾವ್ದೂ ಬಂದಿಲ್ಲ ಸ್ವಾಮಿ. ಅಮ್ಮನ ಗಾಡಿ ಬಂದಿತ್ತು. ಪೂಜೆ ಮಾಡಿ ಆಗ್ಲೇ ಆಚೆ ಊರಿನ ಗಡಿಗೆ ಬಿಟ್ಟು ಬಂದ್ರು," ಎಂದ ಆತ, ಲೋಟ ತೊಳೆಯುತ್ತ.

ಚಂದ್ರಶೇಖರಪ್ಪ ಸ್ಕೂಟರ್ ಹತ್ತಿದ ಮೇಲೆ ವಿಷಯ ಒಂದೊಂದಾಗಿ ತಲೆಗೆ ಇಳಿಯಿತು. ಹಳ್ಳಿಗಳಲ್ಲಿ ಜ್ವರ ಗಿರ ಎದ್ದಾಗ ಅದನ್ನು ತರುವ ದೇವಿ ಅಮ್ಮನನ್ನು ಪುಟ್ಟ ಗಾಡಿಯಲ್ಲಿ ಕೂರಿಸಿ ಗಡಿ ದಾಟಿಸುವ ಪದ್ಧತಿ ಅವನೂ ಕೇಳಿದ್ದ. ಗಾಡಿ ಬಂದ ಊರಿನವರು ಪೂಜೆ ಮಾಡಿ, ಕತ್ತಲಾಗುವುದರೊಳಗೆ ಮುಂದಿನ ಊರಿನ ಗಡಿಗೆ ಮುಟ್ಟಿಸಬೇಕು. ಕೈಯಲ್ಲಿ ಎತ್ತಬಾರದು, ಹಗ್ಗ ಕಟ್ಟಿ ಎಳೆಯಬೇಕು. ಬಿಟ್ಟು ಬರುವಾಗ ತಿರುಗಿ ನೋಡಬಾರದು. ಆ ವರ್ಷ ಕ್ಯಾಸನೂರಿನ ಕಡೆಯ ಕಾಡುಜ್ವರದ ಮಾತು ಎಲ್ಲರ ಬಾಯಲ್ಲೂ ಇತ್ತು. ಅಂಥದರಲ್ಲಿ ಗಡಿಕಲ್ಲಿನ ಪಕ್ಕ, ಬೇವಿನ ಮರದ ಕೆಳಗೆ, ಕುಂಕುಮ ಬಳಿದು ನಿಂಬೆಕಾಯಿ ಕಟ್ಟಿದ ಕೆಂಪು ಗಾಡಿಯೊಂದು ಊರ ಕಡೆ ಮುಖ ಮಾಡಿ ನಿಂತರೆ ಅವರು ಬೇರೆ ಏನೆಂದುಕೊಳ್ಳಬೇಕು? ನೀಲಮ್ಮನನ್ನು ಬೈಯಬೇಕೋ, ಮೆಣಸಿನಕಾಯಿಯನ್ನು ಬೈಯಬೇಕೋ, ತನ್ನನ್ನೇ ಬೈದುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

ಮುಂದಿನ ಊರಿನ ಹಾದಿಯಲ್ಲಿ ಹೆಂಗಸರ ಗುಂಪೊಂದು ಎದುರಿಗೆ ಬಂತು. ಕೇಳಿದ್ದಕ್ಕೆ ಒಬ್ಬಳೂ ಉತ್ತರ ಕೊಡದೆ, ಕತ್ತು ಕೂಡ ಹೊರಳಿಸದೆ ನಡೆದರು. ಅಲ್ಲಿಂದಲೂ ದಾಟಿಸಿಯಾಗಿದೆ ಎಂದು ಅವನಿಗೆ ಅರ್ಥವಾಯಿತು. ಸಿಟ್ಟು ನೆತ್ತಿಗೇರಿತ್ತು, ಅದರ ಜೊತೆಗೆ ನಾಚಿಕೆಯಾಗುವಂಥ ಒಂದು ಖುಷಿಯೂ ಇತ್ತು. ಇಷ್ಟು ದೂರ, ಇಂಥ ರಸ್ತೆಯಲ್ಲಿ, ತನ್ನ ಕಾರು ಓಡಿದೆ.

ಮೂರನೇ ಊರಿನಲ್ಲಿ ಕಾರು ಸಿಕ್ಕಿತು. ಬೀದಿಯ ನಡುವೆ ಜನ ಸುತ್ತುಗಟ್ಟಿ ನಿಂತಿದ್ದರು, ಯಾರ ಮುಖದಲ್ಲೂ ಕಳೆ ಇರಲಿಲ್ಲ. ಚಂದ್ರಶೇಖರಪ್ಪ ಹೆಗಲುಗಳ ಸಂದಿನಿಂದ ಇಣುಕಿದ. ಅವನ ಅಂಬಾಸಿಡರಿನ ಗುರುತೇ ಹತ್ತುವಂತಿರಲಿಲ್ಲ. ಮಾಡಿನ ಮೇಲೆ ಬೇವಿನ ಸೊಪ್ಪು, ಸುತ್ತ ಹಸಿರು ಬಳೆ, ಬಾನೆಟ್ಟಿನ ತುಂಬ ಮೊಸರನ್ನ. ಅವನು ಕೂಡಿಸಿದ್ದ ಬಾಗಿಲನ್ನು ಯಾರೋ ತೆರೆದು, ರೆಕ್ಸಿನ್ ಸೀಟಿನ ಮೇಲೆ ಅರಿಶಿನದಲ್ಲಿ ಮಾಡಿದ ಅಮ್ಮನನ್ನು ಕೂರಿಸಿ ಮೊಣಕಾಲಿಗೆ ರವಿಕೆ ಕಣದ ಚೂರು ಹೊದಿಸಿದ್ದರು. ಮುಂದಿನ ಚಕ್ರವೊಂದು ಕಳಚಿ ಕಾರು ಮೂಗು ನೆಲಕ್ಕಿಟ್ಟು ಕೂತಿತ್ತು.

"ಅಮ್ಮ ಇಲ್ಲೇ ನಿಂತ್ಲಲ್ಲಪ್ಪ. ಎತ್ತಂಗಿಲ್ಲ, ಬಿಡಂಗಿಲ್ಲ," ಎಂದು ಕುರಿ ಸಾಕುವ ಉಜ್ಜಪ್ಪ ತಲೆಗೆ ಕೈ ಹೊತ್ತು ಕೂತಿದ್ದ. ಅವನ ಮನೆಯ ಮುಂದೆಯೇ ಗಾಡಿ ನಿಂತಿತ್ತು. ಒಳಗೆ ಅವನ ಮೊಮ್ಮಗಳು ಜ್ವರದಲ್ಲಿ ನರಳುವುದು ಬೀದಿಗೆ ಕೇಳುತ್ತಿತ್ತು.

ಚಂದ್ರಶೇಖರಪ್ಪ ಕಾರಿನತ್ತ ಕೈ ಚಾಚಿದ. "ನೋಡ್ರಪ್ಪ, ಈ ಗಾಡಿ..." ಎಂದು ಶುರುಮಾಡಿದ.

ಅಷ್ಟರಲ್ಲಿ ಉಜ್ಜಪ್ಪನ ಹೆಂಡತಿ ದ್ಯಾಮಮ್ಮ ಹೊಸ್ತಿಲಿಂದಲೇ ಹೇಳಿದಳು, "ಈ ಗಾಡಿ ಮೊದ್ಲು ಬಿಟ್ಟೋರು ಯಾರೋ ಏನೋ. ಅವ್ರ ಮನೇಲಿ ಕೂಸು ಕುನ್ನಿ ಇಲ್ವಾ? ಅವ್ರ ಕೇಡ್ನ ನಮ್ ಬಾಗ್ಲಿಗೆ ತಂದು ಹಾಕಿದ್ರು."

ಚಂದ್ರಶೇಖರಪ್ಪ ಕೈ ಹಿಂದಕ್ಕೆಳೆದುಕೊಂಡ. ಇದು ನನ್ನದು ಅಂದರೆ ಜ್ವರವೂ ನನ್ನದೇ ಅಂದಂತೆ. ಸುಮ್ಮನಿದ್ದರೆ ಎರಡು ವರ್ಷದ ಬೆವರು ಕಣ್ಣೆದುರೇ ಮೊಸರನ್ನದಲ್ಲಿ ನೆನೆಯುತ್ತಿದೆ. ಇದು ಬರೀ ತಗಡು, ಇದರಲ್ಲಿ ಯಾವ ಅಮ್ಮನೂ ಇಲ್ಲ ಎಂದು ಹೇಳೋಣವೆಂದರೆ, ಒಳಗೆ ಕೂತಿದ್ದಾಳಲ್ಲ, ಅವನೇ ಹೊಲಿದ ಸೀಟಿನ ಮೇಲೆ. ಕೊನೆಗೆ ಬಾಯಿಂದ ಬಂದ ಮಾತು ಅವನು ಯೋಚಿಸಿದ್ದೇ ಅಲ್ಲ.

"ನನಗೆ ರಿಪೇರಿ ಬರ್ತದೆ. ಒಂದು ಸೈಕಲ್ ಕಡ್ಡಿ ಕೊಡ್ರಿ. ಮೊದ್ಲು ಕೂಸನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ, ಅಮ್ಮ ಬ್ಯಾಡ ಅನ್ನಲ್ಲ."

ಉಜ್ಜಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಯಾರು, ಎತ್ತ ಎಂದು ಕೇಳಲಿಲ್ಲ. ಮಗನನ್ನು ಕರೆದು ಕೂಸನ್ನು ಪಕ್ಕದ ಮನೆಯ ಟ್ರ್ಯಾಕ್ಟರಿನಲ್ಲಿ ಸೊರಬಕ್ಕೆ ಕಳಿಸಿದ. ಯಾರದೋ ಸೈಕಲಿನಿಂದ ಕಡ್ಡಿ ಬಿಚ್ಚಿ ತಂದರು. ಚಂದ್ರಶೇಖರಪ್ಪ ಚಪ್ಪಲಿ ಕಳಚಿ ಬೀದಿಯಲ್ಲೇ ಚಕ್ಕಳಮಕ್ಕಳ ಕೂತು, ಬಗ್ಗಿದ ಅಚ್ಚನ್ನು ಎಳೆದು ಹೊಸ ಕಡ್ಡಿ ತೂರಿಸಿ, ತುದಿಯನ್ನು ಇಕ್ಕಳದಲ್ಲಿ ಮಡಚಿದ. ಅಷ್ಟು ಜನ ಉಸಿರು ಬಿಗಿಹಿಡಿದು ಅವನ ಕೆಲಸ ನೋಡಿದ್ದು ಜನ್ಮದಲ್ಲಿ ಅದೇ ಮೊದಲು. ಚಕ್ರ ತಿರುಗಿದಾಗ ದ್ಯಾಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹಗ್ಗವನ್ನು ಅವನ ಕೈಗೇ ಕೊಟ್ಟರು. ರಿಪೇರಿ ಮಾಡಿದವನು ಎಳೆದರೆ ಮತ್ತೆ ನಿಲ್ಲುವುದಿಲ್ಲ ಎಂದು ಉಜ್ಜಪ್ಪ ತೀರ್ಮಾನಿಸಿದ್ದ. ಅಂಗಡಿ ಯಜಮಾನ ಚಂದ್ರಶೇಖರಪ್ಪ ಬರಿಗಾಲಲ್ಲಿ, ಹಲಗೆ ಬಾರಿಸುವವರ ಹಿಂದೆ, ತನ್ನ ಕಾರನ್ನು ತಾನೇ ಎಳೆಯುತ್ತ ಗದ್ದೆ ಬದಿಯ ದಾರಿಯಲ್ಲಿ ನಡೆದ. ಅವನ ತಲೆಯಲ್ಲಿ ಓಡುತ್ತಿದ್ದುದು ಒಂದೇ ಲೆಕ್ಕ. ಗಡಿಯಲ್ಲಿ ಬಿಟ್ಟ ಮೇಲೆ ಇವರ್ಯಾರೂ ತಿರುಗಿ ನೋಡುವುದಿಲ್ಲ. ಕೊನೆಯವನಾಗಿ ಉಳಿದುಕೊಂಡು, ಎತ್ತಿ ಟವೆಲ್ಲಿನಲ್ಲಿ ಸುತ್ತಿದರೆ ಮುಗಿಯಿತು. ಬಣ್ಣ ಮತ್ತೆ ಹೊಡೆಯಬಹುದು.

ಗಡಿ ಬಂತು. ಕಾಯಿ ಒಡೆದರು, ಕೈ ಮುಗಿದರು, ಹಿಂದೆ ತಿರುಗದೆ ಹೊರಟರು. ಲೆಕ್ಕ ಹಾಕಿದಂತೆಯೇ ಆಯಿತು. ಎದುರಿಗೆ ಎಲ್ಲರ ಬೆನ್ನು, ಬೆನ್ನ ಹಿಂದೆ ಅವನ ಕಾರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಎಲ್ಲರಿಗಿಂತ ಹಿಂದೆ ದ್ಯಾಮಮ್ಮ ಹೋಗುತ್ತಿದ್ದಳು. ಅವಳ ಬೆನ್ನು ನೋಡುತ್ತ ಅವನು ನಿಂತ. ಆಮೇಲೆ ಕಾಲು ತಾನಾಗಿ ಅವಳ ಹಿಂದೆ ಹೊರಟಿತು. ಯಾಕೆಂದು ಅವನಿಗೆ ಆಗಲೂ ತಿಳಿಯಲಿಲ್ಲ. ದುಃಖ ಉಕ್ಕಿ ಬರುತ್ತಿತ್ತು, ಆದರೂ ಕತ್ತು ಹೊರಳಿಸಲಿಲ್ಲ.

ಸೊರಬ ಮುಟ್ಟುವಾಗ ಹೊತ್ತು ಇಳಿದಿತ್ತು. ಮಲ್ಲಿಕಾರ್ಜುನಪ್ಪ ಊಟಕ್ಕೆ ಕಾದು ಕಾದು ಮುಖ ಊದಿಸಿಕೊಂಡು ಜಗುಲಿಯಲ್ಲಿದ್ದ. ಅತಿಥಿಯ ಧೂಳು ಕಾಲು, ಅರಿಶಿನದ ಕೈ, ಖಾಲಿ ಪೆಟ್ಟಿಗೆ ಮೂರನ್ನೂ ಒಂದು ಸಲ ನೋಡಿದ.

"ಎಲ್ರೀ ನಿಮ್ಮ ಕಾರು?"

"ಓಡ್ತಾ ಐತ್ರೀ."

"ಎಲ್ಲಿ?"

"ಈಗ ನಾಲ್ಕನೇ ಊರಲ್ಲಿರಬೇಕು."

ಮಲ್ಲಿಕಾರ್ಜುನಪ್ಪನಿಗೆ ಇವನಿಗೆ ಬಿಸಿಲು ನೆತ್ತಿಗೆ ಹೊಡೆದಿದೆಯೆಂದು ಅನುಮಾನ ಬಂತು. ಒಳಗಿನಿಂದ ಮಜ್ಜಿಗೆ ತರಿಸಿ ಕೊಟ್ಟು, ಮೆಲ್ಲಗೆ ಕೇಳಿದ, "ಒಳಗೆ ಯಾರು ಕೂತಿದಾರ್ರೀ?"

"ಅಮ್ಮ," ಎಂದ ಚಂದ್ರಶೇಖರಪ್ಪ. ನಡೆದದ್ದನ್ನೆಲ್ಲ ಹೇಳಿದ. ಮಲ್ಲಿಕಾರ್ಜುನಪ್ಪ ನಗಲು ಹೊರಟವನು ನಗಲಿಲ್ಲ. "ಅಷ್ಟು ದೂರ ಓಡ್ತೇನ್ರೀ ಆ ಕಾರು?" ಎಂದ.

ಎರಡು ವರ್ಷ ಕಾದ ಮಾತು ಕಿವಿಗೆ ಬಿದ್ದರೂ ಚಂದ್ರಶೇಖರಪ್ಪನ ಗಮನ ಅಲ್ಲಿರಲಿಲ್ಲ. ಲೋಟ ಕೆಳಗಿಟ್ಟು ಅವನು ಕೇಳಿದ, "ನಿಮ್ಮತ್ರ ಇನ್ನೂ ದಪ್ಪನೆ ಕಡ್ಡಿ ಇದ್ರೆ ಕೊಡ್ರಿ. ನಾನು ಹಾಕಿದ್ದು ಬಾಳ ಬರಲ್ಲ. ಆ ಕಡೆ ರಸ್ತೆ ಸರಿಯಿಲ್ಲ, ಅಮ್ಮ ಯಾರ ಮನೆ ಮುಂದೆ ನಿಂತ್ಬಿಡ್ತಾಳೋ ಏನೋ."